ಜಾನ್ ಡನ್‌ಸ್ಟಪಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಶ್ಚಾತ್ಯ ಸಂಗೀತ ಎಂದೊಡನೆ ಬಾಖ್, ಮೊಜಾರ್ಟ್, ಬೀಥೋವನ್ ನೆನಪಾಗುತ್ತಾರೆ. ಬಾಖ್‌ಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಹುಟ್ಟಿದ ಒಬ್ಬ ಇಂಗ್ಲಿಷ್ ಸಂಗೀತ ರಚನಕಾರನ ಹೆಸರೆತ್ತಿದರೆ, ಕೇಳುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತವೆ. ಅವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಕೊನೆಗೆ.

## ಮೊದಲ ಪರಿಚಯಕ್ಕೆ

ಯಾರು ಈ ಡನ್‌ಸ್ಟಪಲ್? ಹೆಸರೇ ಕೇಳಿಲ್ಲವಲ್ಲ!

ಸುಮಾರು 1390ರಲ್ಲಿ ಹುಟ್ಟಿ, 1453ರ ಡಿಸೆಂಬರ್ 24ರಂದು ತೀರಿಕೊಂಡ ಇಂಗ್ಲಿಷ್ ರಚನಕಾರ. ಇಂದು ಅವನ ಹೆಸರಿನಲ್ಲಿ ಉಳಿದಿರುವುದು ಐವತ್ತರ ಆಸುಪಾಸಿನ ರಚನೆಗಳು. ಬಹುತೇಕ ಎಲ್ಲವೂ ಲ್ಯಾಟಿನ್ ಭಾಷೆಯ, ಚರ್ಚಿನ ಪೂಜೆಗೆ ಸಂಬಂಧಿಸಿದ ಗಾಯನಗಳು. ತನ್ನ ಕಾಲದಲ್ಲಿ ಅವನು ಇಡೀ ಪಶ್ಚಿಮ ಯುರೋಪಿನಲ್ಲಿ ಹೆಸರುವಾಸಿಯಾಗಿದ್ದ. ನಮ್ಮ ಕಿವಿಗೆ ಅವನ ಹೆಸರು ಬೀಳದಿರುವುದಕ್ಕೆ ಕಾರಣ ಸರಳ. ಅವನ ಕಾಲದಲ್ಲಿ ಸಂಗೀತಕ್ಕೆ ಮುದ್ರಣ ಇರಲಿಲ್ಲ, ಮತ್ತು ಆಗಿನವರಿಗೆ ಹಳೆಯ ಸಂಗೀತದ ಮೇಲೆ ಮಮತೆಯೂ ಇರಲಿಲ್ಲ. ಯೊಹಾನೆಸ್ ಟಿಂಕ್ಟೋರಿಸ್ ಎಂಬ ಶಾಸ್ತ್ರಕಾರ 1477ರಲ್ಲಿ, ನಲವತ್ತು ವರ್ಷಕ್ಕಿಂತ ಹಳೆಯದಾದ ಯಾವ ಸಂಗೀತವೂ ಬಲ್ಲವರಿಗೆ ಕೇಳಲು ಯೋಗ್ಯವಲ್ಲ ಎಂದು ಸಲೀಸಾಗಿ ಬರೆದುಬಿಟ್ಟ. ಆ ಲೆಕ್ಕದಲ್ಲಿ ಡನ್‌ಸ್ಟಪಲ್ ಗಡಿಯ ಮೇಲೆ ನಿಂತಿದ್ದ.

ಕೆಲವರು ಡನ್‌ಸ್ಟಬಲ್ ಎಂದು ಬರೆಯುತ್ತಾರೆ. ಯಾವುದು ಸರಿ?

ಅವನ ಕಾಲದ ದಾಖಲೆಗಳಲ್ಲಿ ಹೆಚ್ಚಾಗಿ ಕಾಣುವುದು 'ಪ'ಕಾರ. 'ಬ'ಕಾರ ಬೆಡ್‌ಫರ್ಡ್‌ಶೈರಿನಲ್ಲಿರುವ ಊರಿನ ಹೆಸರಿನ ಈಗಿನ ರೂಪ. ಮನೆತನದ ಹೆಸರು ಆ ಊರಿನಿಂದ ಬಂದಿರಬಹುದು, ಆದರೆ ಅವನು ಅಲ್ಲೇ ಹುಟ್ಟಿದ ಎನ್ನುವುದಕ್ಕೆ ದಾಖಲೆ ಇಲ್ಲ. ಹುಡುಕುವಾಗ ಎರಡೂ ರೂಪಗಳಲ್ಲಿ ಹುಡುಕಿ.

ಮಧ್ಯಯುಗದ ಚರ್ಚ್ ಸಂಗೀತ ಎಂದರೆ ಎಲ್ಲರೂ ಒಂದೇ ಧಾಟಿಯನ್ನು ಹಾಡುವ ಗ್ರಿಗೋರಿಯನ್ ಗಾಯನವಲ್ಲವೇ?

ನಿತ್ಯದ ಪೂಜೆಯಲ್ಲಿ ಹೆಚ್ಚಿನ ಪಾಲು ಅದೇ. ಆದರೆ ಹಬ್ಬದ ದಿನಗಳಲ್ಲಿ, ಶ್ರೀಮಂತರ ಖಾಸಗಿ ಪ್ರಾರ್ಥನಾಲಯಗಳಲ್ಲಿ, ಪರಿಣತ ಗಾಯಕರು ಒಂದೇ ಹೊತ್ತಿಗೆ ಬೇರೆ ಬೇರೆ ಧಾಟಿಗಳನ್ನು ಹಾಡುವ ಬಹುಧ್ವನಿ ಸಂಗೀತವೂ ಇತ್ತು. ಡನ್‌ಸ್ಟಪಲ್ ಬರೆದದ್ದು ಈ ಎರಡನೆಯ ಬಗೆಯದನ್ನು. ಅವನ ಬಹುಪಾಲು ರಚನೆಗಳಿಗೆ ಮೂರು ಧ್ವನಿಗಳು ಸಾಕು, ಕೆಲವಕ್ಕೆ ನಾಲ್ಕು ಬೇಕು. ನೂರು ಜನರ ವೃಂದಗಾನವನ್ನು ಕಲ್ಪಿಸಿಕೊಳ್ಳಬೇಡಿ. ಧ್ವನಿಗೆ ಒಬ್ಬೊಬ್ಬರಂತೆ ನಿಂತ ಬೆರಳೆಣಿಕೆಯ ಗಂಡಸರು, ಅವರ ಮುಂದೆ ಒಂದು ಹಸ್ತಪ್ರತಿ.

ಎಲ್ಲಿಂದ ಕೇಳಲು ಆರಂಭಿಸಲಿ?

'ಕ್ವಾಮ್ ಪುಲ್ಕ್ರಾ ಎಸ್' ಎಂಬ ಪುಟ್ಟ ರಚನೆಯಿಂದ. ಮೂರು ಧ್ವನಿಗಳು, ಎರಡು-ಮೂರು ನಿಮಿಷದ ಹಾಡು. ಸಾಹಿತ್ಯ ಬೈಬಲಿನ ಪರಮಗೀತೆಯದು: ಪ್ರಿಯೆಯೇ, ನೀನೆಷ್ಟು ಚೆಲುವೆ, ನಿನ್ನ ನಿಲುವು ಖರ್ಜೂರದ ಮರದಂತೆ, ನಿನ್ನ ಕೊರಳು ದಂತದ ಗೋಪುರದಂತೆ ಎಂದು ಸಾಗುತ್ತದೆ. ಇಂಥ ಶೃಂಗಾರ ಚರ್ಚಿನೊಳಗೆ ಹೇಗೆ ಎಂದು ಹುಬ್ಬೇರಿಸಬೇಡಿ. ಮಧ್ಯಯುಗದವರು ಆ ಸಾಲುಗಳನ್ನು ಕನ್ಯೆ ಮರಿಯಳಿಗೆ ಅನ್ವಯಿಸಿ ಓದಿಕೊಳ್ಳುತ್ತಿದ್ದರು.

ಕೇಳುವಾಗ ಒಂದು ಜಾಗವನ್ನು ಗಮನಿಸಿ. ಅಲ್ಲಿಯವರೆಗೆ ಮೂರೂ ಧ್ವನಿಗಳು ಮಾತಿನ ನಡೆಯಲ್ಲಿ, ಅಕ್ಷರಕ್ಕೆ ಅಕ್ಷರ ಜೋಡಿಸಿಕೊಂಡು ಒಟ್ಟಾಗಿ ಸಾಗುತ್ತಿರುತ್ತವೆ. 'ಬಾ' ಎಂಬ ಅರ್ಥದ 'ವೇನಿ' ಪದ ಬಂದಾಗ ಎಲ್ಲವೂ ನಿಲ್ಲುತ್ತದೆ. ಆ ಎರಡು ಅಕ್ಷರಗಳಿಗೆ ಉದ್ದವಾಗಿ ಹಿಡಿದ ಎರಡು ಸ್ವರಗುಚ್ಛಗಳು, ಅಷ್ಟೆ. ಅನಂತರ 'ಹೊಲಕ್ಕೆ ಹೋಗೋಣ, ದಾಳಿಂಬೆ ಹೂಬಿಟ್ಟಿದೆಯೇ ನೋಡೋಣ' ಎನ್ನುತ್ತ ಹಾಡು ಮತ್ತೆ ಚಲಿಸುತ್ತದೆ. ಕೊನೆಯ 'ಅಲ್ಲೆಲೂಯ'ದಲ್ಲಿ ಮಾತ್ರ ಧಾಟಿ ಆಲಾಪನೆಯಂತೆ ಹರಡಿಕೊಳ್ಳುತ್ತದೆ. ಹಿಲ್ಲಿಯರ್ಡ್ ಎನ್ಸೆಂಬಲ್, ಆರ್ಲ್ಯಾಂಡೊ ಕನ್ಸಾರ್ಟ್ ಎಂಬ ಎರಡು ಬ್ರಿಟಿಷ್ ತಂಡಗಳು ಡನ್‌ಸ್ಟಪಲ್‌ನ ರಚನೆಗಳನ್ನು ಧ್ವನಿಮುದ್ರಿಸಿವೆ. ನನ್ನನ್ನು ಕೇಳಿದರೆ ಇಯರ್‌ಫೋನ್ ಬದಿಗಿಟ್ಟು, ಕೋಣೆಯ ತುಂಬ ಹರಡುವಂತೆ ಕೇಳುವುದೇ ವಾಸಿ.

ನಮ್ಮ ವಾಗ್ಗೇಯಕಾರರಂತೆ ಸಾಹಿತ್ಯವನ್ನೂ ಅವನೇ ಬರೆದನೇ?

ಬಹುಮಟ್ಟಿಗೆ ಇಲ್ಲ. ಪೂಜಾಕ್ರಮದಲ್ಲಿ ಮೊದಲೇ ಇದ್ದ ಲ್ಯಾಟಿನ್ ಪಠ್ಯಗಳನ್ನೇ ಅವನು ಬಳಸಿದ. ಇಂಗ್ಲೆಂಡಿನ ಬಹುಭಾಗದಲ್ಲಿ ಆಗ ನಡೆಯುತ್ತಿದ್ದುದು ಸಾಲ್ಸ್‌ಬರಿ ಪೀಠದ 'ಸೇರಮ್' ಸಂಪ್ರದಾಯ. ಮರಿಯಳ ಸ್ತುತಿಗಳು ಅವನಿಗೆ ವಿಶೇಷ ಪ್ರಿಯವಾಗಿದ್ದಂತೆ ತೋರುತ್ತದೆ: 'ಸಾಲ್ವೆ ರೆಜಿನಾ', 'ಬೆಯಾತಾ ಮಾತೆರ್', 'ಸಾಂಕ್ತಾ ಮರಿಯಾ', 'ಸ್ಪೆಸಿಯೋಸಾ ಫಾಕ್ತಾ ಎಸ್' ಎಲ್ಲವೂ ಅವೇ. ಹಾಗೆ ನೋಡಿದರೆ ಅವನನ್ನು ವಾಗ್ಗೇಯಕಾರ ಎನ್ನದೆ ಬರಿಯ ರಚನಕಾರ ಎಂದು ಕರೆಯುವುದೇ ಸರಿ.

## ಬದುಕು

ಇಷ್ಟೊಂದು ಭಕ್ತಿ ಸಂಗೀತ ಬರೆದವನು ಪಾದ್ರಿಯೇ ಇರಬೇಕು, ಅಲ್ಲವೇ?

ಆ ಕಾಲದ ರಚನಕಾರರಲ್ಲಿ ಹೆಚ್ಚಿನವರು ದೀಕ್ಷೆ ಪಡೆದವರೇ. ಅದೇ ಕಾಲದ ಹೆಸರಾಂತ ರಚನಕಾರರಾದ ಡುಫಾಯ್, ಬೆನ್ಶ್ವಾ ಇಬ್ಬರ ಜೀವನವೂ ಚರ್ಚಿನ ಹುದ್ದೆಗಳ ಆದಾಯದ ಮೇಲೆ ನಡೆಯಿತು. ಡನ್‌ಸ್ಟಪಲ್ ಮಾತ್ರ ದಾಖಲೆಗಳಲ್ಲಿ ಗೃಹಸ್ಥನ ಹಾಗೆ ಕಾಣಿಸಿಕೊಳ್ಳುತ್ತಾನೆ. ಅವನಿಗೆ ಭೂಮಿ ಇತ್ತು, ಗೌರವದ ಅಂತಸ್ತಿತ್ತು, ದೊಡ್ಡ ಮನೆತನಗಳ ಸೇವೆಯಿತ್ತು. ಇಂಗ್ಲೆಂಡಿನಲ್ಲಷ್ಟೇ ಅಲ್ಲದೆ, ಆಗ ಇಂಗ್ಲಿಷರ ಹಿಡಿತದಲ್ಲಿದ್ದ ನಾರ್ಮಂಡಿಯಲ್ಲೂ ಅವನಿಗೆ ಜಮೀನು ದೊರೆತಿತ್ತು. ಹೊಟ್ಟೆಪಾಡಿಗಾಗಿ ದಿನವೂ ಗಾಯಕವೃಂದ ನಡೆಸಬೇಕಾದ ಒತ್ತಡ ಅವನಿಗೆ ಇದ್ದಂತೆ ಕಾಣುವುದಿಲ್ಲ.

ಅವನಿಗೆ ಆಶ್ರಯ ಕೊಟ್ಟವರು ಯಾರು?

ಮೂವರ ಹೆಸರು ದಾಖಲೆಗಳಲ್ಲಿ ಸಿಗುತ್ತದೆ, ಮೂವರೂ ಆಗ ಇಂಗ್ಲೆಂಡನ್ನು ಆಳುತ್ತಿದ್ದ ಲ್ಯಾಂಕಾಸ್ಟರ್ ರಾಜಮನೆತನದವರು. ಮೊದಲನೆಯವನು ಬೆಡ್‌ಫರ್ಡಿನ ಡ್ಯೂಕ್ ಜಾನ್, ಐದನೆಯ ಹೆನ್ರಿಯ ತಮ್ಮ. ಹೆನ್ರಿ 1422ರಲ್ಲಿ ತೀರಿಕೊಂಡಾಗ ಅವನ ಮಗನಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಆ ಕೂಸಿನ ಪರವಾಗಿ, ಇಂಗ್ಲಿಷರ ಹಿಡಿತದಲ್ಲಿದ್ದ ಫ್ರಾನ್ಸನ್ನು ಆಳಿದವನು ಬೆಡ್‌ಫರ್ಡ್. ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ರೂವಾನ್ ನಗರದಲ್ಲಿ ಸುಟ್ಟದ್ದು ಇವನ ಆಡಳಿತದ ಕಾಲದಲ್ಲೇ. ಎರಡನೆಯವಳು ನಾಲ್ಕನೆಯ ಹೆನ್ರಿಯ ವಿಧವೆ, ನವಾರ್ ರಾಜಮನೆತನದಲ್ಲಿ ಹುಟ್ಟಿದ ರಾಣಿ ಜೋನ್. 1420ರ ದಶಕದ ಕೊನೆಯಿಂದ 1430ರ ದಶಕದ ನಡುವಿನ ತನಕ ಡನ್‌ಸ್ಟಪಲ್ ಅವಳ ಆಶ್ರಯದಲ್ಲಿದ್ದ. ಮಾಟ ಮಾಡಿಸಿದಳೆಂಬ ಆರೋಪ ಹೊತ್ತು ಸೆರೆಯಲ್ಲಿದ್ದು, 1422ರಲ್ಲಿ ಬಿಡುಗಡೆಯಾದವಳು ಈಕೆ. ಮೂರನೆಯವನು ಬೆಡ್‌ಫರ್ಡಿನ ತಮ್ಮ, ಗ್ಲಾಸ್ಟರಿನ ಡ್ಯೂಕ್ ಹಂಫ್ರಿ, ಪುಸ್ತಕಪ್ರೇಮಿ. 1438ರ ದಾಖಲೆಯೊಂದು ಡನ್‌ಸ್ಟಪಲ್‌ನನ್ನು ಇವನ ಮನೆವಾರ್ತೆಯ ಆಪ್ತ ಸೇವಕನೆಂದು ಹೆಸರಿಸುತ್ತದೆ.

ಅವನು ಜ್ಯೋತಿಷಿಯೂ ಆಗಿದ್ದನಂತೆ. ಇದು ಕಟ್ಟುಕಥೆಯೇ?

ಕಟ್ಟುಕಥೆಯಲ್ಲ. ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಒಂದು ಹಸ್ತಪ್ರತಿ ಇದೆ. 'ಈ ಪುಸ್ತಕ ಬೆಡ್‌ಫರ್ಡಿನ ಡ್ಯೂಕನ ಬಳಿ ಸಂಗೀತಗಾರನಾಗಿದ್ದ ಜಾನ್ ಡನ್‌ಸ್ಟಪಲ್‌ಗೆ ಸೇರಿತ್ತು' ಎಂಬ ಬರಹ ಅದರಲ್ಲಿದೆ. ಅವನು ಬೆಡ್‌ಫರ್ಡಿನ ಸೇವೆಯಲ್ಲಿದ್ದ ಎಂಬುದಕ್ಕೆ ಮುಖ್ಯ ಆಧಾರವೂ ಈ ಒಂದು ಸಾಲೇ. ಅದೇ ಊರಿನ ಇಮ್ಯಾನುಯೆಲ್ ಕಾಲೇಜಿನಲ್ಲೂ ಅವನ ಹೆಸರಿಗೆ ಅಂಟಿಕೊಂಡ ಜ್ಯೋತಿಷದ ಹಸ್ತಪ್ರತಿ ಇದೆ.

ಇದನ್ನು ಹವ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಅಂದಿನ ವಿಶ್ವವಿದ್ಯಾಲಯಗಳಲ್ಲಿ ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಈ ನಾಲ್ಕನ್ನೂ ಸಂಖ್ಯೆಯ ಶಾಸ್ತ್ರಗಳೆಂದು ಒಟ್ಟಿಗೆ ಕಲಿಸುತ್ತಿದ್ದರು. ಡನ್‌ಸ್ಟಪಲ್ ಎಂದರೆ ಮಾಧುರ್ಯ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅವನು ಮೊದಲು ಲೆಕ್ಕಿಗ, ಆ ಮೇಲೆ ಮಧುರ. ಏಕೆಂಬುದು ಕೆಳಗಿನ ಐಸೊರಿದಮ್ ಪ್ರಶ್ನೆಯಲ್ಲಿ ಸ್ಪಷ್ಟವಾಗುತ್ತದೆ.

ಲಂಡನ್ನಿಗೆ ಹೋದರೆ ಅವನ ಸಮಾಧಿ ನೋಡಬಹುದೇ?

ಮೂಲ ಸಮಾಧಿ ಇಲ್ಲ. ಅವನನ್ನು ಹೂಳಿದ್ದು ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿನಲ್ಲಿ. 1666ರ ಮಹಾ ಅಗ್ನಿಯಲ್ಲಿ ಆ ಚರ್ಚು ಸುಟ್ಟುಹೋಯಿತು. ಈಗ ಅಲ್ಲಿರುವುದು ಕ್ರಿಸ್ಟಫರ್ ರೆನ್ ಕಟ್ಟಿದ, ಗುಮ್ಮಟವುಳ್ಳ ಹೊಸ ಚರ್ಚು. ಅದೃಷ್ಟಕ್ಕೆ, ಸಮಾಧಿಯ ಲ್ಯಾಟಿನ್ ಪದ್ಯವನ್ನು ಬೆಂಕಿಗೆ ಮೊದಲೇ ಬರೆದಿಟ್ಟುಕೊಂಡವರಿದ್ದರು. 20ನೆಯ ಶತಮಾನದ ಆರಂಭದಲ್ಲಿ ಅದನ್ನು ಹೊಸ ಫಲಕದ ಮೇಲೆ ಕೆತ್ತಿಸಿದರು. ಆಕಾಶವನ್ನೇ ಎದೆಯೊಳಗೆ ಅಡಗಿಸಿಕೊಂಡಿದ್ದವನು ಈ ಗೋರಿಯಲ್ಲಿ ಅಡಗಿದ್ದಾನೆ ಎಂದು ಅದು ತೊಡಗುತ್ತದೆ. ನಕ್ಷತ್ರಗಳ ನಿಯಮ ಬಲ್ಲವನು, ಸಂಗೀತದ ರಾಜಕುಮಾರ ಎಂದೆಲ್ಲ ಹೊಗಳಿ, ಕ್ರಿಸ್ತಜನನದ ಹಿಂದಿನ ದಿನ ಈ ತಾರೆ ತಾರೆಗಳ ಬಳಿಗೆ ಹೋಯಿತು ಎನ್ನುತ್ತದೆ. ಸಾವಿನ ತಾರೀಕು ನಮಗೆ ಗೊತ್ತಿರುವುದು ಈ ಪದ್ಯದಿಂದಲೇ. ಸೇಂಟ್ ಆಲ್ಬನ್ಸ್ ಮಠದ ಅಧಿಪತಿ ಜಾನ್ ವೆಥಮ್‌ಸ್ಟೆಡ್ ಕೂಡ ಅವನ ಮೇಲೆ ಚರಮಪದ್ಯ ಬರೆದ. ಆ ಮಠದ ಸಂತನ ಮೇಲೆ ಡನ್‌ಸ್ಟಪಲ್ 'ಆಲ್ಬಾನುಸ್ ರೋಸೆಯೋ ರುತಿಲಾತ್' ಎಂಬ ರಚನೆ ಮಾಡಿದ್ದ.

## ಸಂಗೀತ

'ಇಂಗ್ಲಿಷ್ ಧಾಟಿ' ಎಂದು ಫ್ರೆಂಚರು ಹೊಗಳಿದರಂತೆ. ಅಂಥದ್ದೇನಿತ್ತು ಅದರಲ್ಲಿ?

ಹೊಗಳಿದವನು ಮಾರ್ತಾಂ ಲ ಫ್ರಾಂಕ್ ಎಂಬ ಕವಿ, 1440ರ ಸುಮಾರಿಗೆ, ಬರ್ಗಂಡಿಯ ಡ್ಯೂಕನಿಗೆ ಅರ್ಪಿಸಿದ ದೀರ್ಘ ಕಾವ್ಯದಲ್ಲಿ. ಸ್ವಲ್ಪ ಹಿಂದೆ ಪ್ಯಾರಿಸ್ಸನ್ನು ಬೆರಗುಗೊಳಿಸಿದ್ದ ತಾಪಿಸ್ಯೆ, ಕಾರ್ಮೆನ್, ಸೆಸಾರಿಸ್ ಎಂಬುವರನ್ನು ಅವನು ಹೆಸರಿಸುತ್ತಾನೆ. ಆದರೆ ಡುಫಾಯ್ ಮತ್ತು ಬೆನ್ಶ್ವಾ ಅವರಷ್ಟು ಇಂಪಾಗಿ ಅವರು ಹಾಡಿರಲಿಲ್ಲವಂತೆ. ಕಾರಣ, ಈ ಇಬ್ಬರು ಇಂಗ್ಲಿಷರ ರೀತಿಯನ್ನು ಹಿಡಿದು ಡನ್‌ಸ್ಟಪಲ್‌ನ ಹಾದಿಯಲ್ಲಿ ನಡೆದರು.

ರೀತಿ ಯಾವುದು ಎಂದು ಕವಿ ಬಿಡಿಸಿ ಹೇಳಲಿಲ್ಲ. ಕಿವಿಗೊಟ್ಟರೆ ಗೊತ್ತಾಗುವುದು ಹೀಗೆ. 14ನೆಯ ಶತಮಾನದ ಫ್ರೆಂಚ್ ಸಂಗೀತದಲ್ಲಿ ಧ್ವನಿಗಳು ಬಂದು ಸೇರುವ ನೆಲೆ ಷಡ್ಜ-ಪಂಚಮ ಮತ್ತು ಮೇಲಿನ ಷಡ್ಜ. ಗಾಂಧಾರ, ಧೈವತಗಳು ದಾರಿಯಲ್ಲಿ ಸಿಗುವ ಸ್ವರಗಳು. ನಡುನಡುವೆ ಎರಡು ಧ್ವನಿಗಳು ಕರ್ಕಶವಾಗಿ ಉಜ್ಜಿಕೊಂಡರೂ ಅವರಿಗೆ ಅಡ್ಡಿಯಿರಲಿಲ್ಲ. ಡನ್‌ಸ್ಟಪಲ್‌ನಲ್ಲಿ ಗಾಂಧಾರ, ಧೈವತಗಳು ದಾರಿಹೋಕರಲ್ಲ, ಮನೆಯವರು. ಷಡ್ಜ-ಗಾಂಧಾರ-ಪಂಚಮ ಕೂಡಿದ ಸ್ವರಗುಚ್ಛ ಮೇಲಿಂದ ಮೇಲೆ ಬರುತ್ತದೆ. ಬಿಡಿ ಧಾಟಿಗಳು ಕೂಡ ಅದೇ ಮೂರು ಸ್ವರಗಳ ಮೆಟ್ಟಿಲೇರುತ್ತ ಆರಂಭವಾಗುವುದುಂಟು. ಇನ್ನೂ ಮುಖ್ಯವಾದುದು, ಅವನು ಏನನ್ನು ಬಿಟ್ಟ ಎಂಬುದು. ಅಪಸ್ವರದ ಘರ್ಷಣೆ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಬಂದರೂ ತಾಳದ ದುರ್ಬಲ ಪೆಟ್ಟಿನಲ್ಲಿ ಹಾದುಹೋಗುತ್ತದೆ, ಇಲ್ಲವೇ ಮುಂಚೆಯೇ ಹಿಡಿದ ಸ್ವರ ತಡವಾಗಿ ಇಳಿಯುವಾಗ ಕೇಳಿಸುತ್ತದೆ. ಇದು ತಾನಾಗಿ ಒದಗಿದ ಇಂಪಲ್ಲ, ಪ್ರತಿ ಜೋಡಿ ಧ್ವನಿಯನ್ನೂ ಎದುರುಬದುರು ಇಟ್ಟು ತೂಗಿ ನೋಡಿದ ಶಿಸ್ತು.

ಹಾಗಾದರೆ ಗಾಂಧಾರದ ಈ ಸಿಹಿಯನ್ನು ಕಂಡುಹಿಡಿದವನು ಡನ್‌ಸ್ಟಪಲ್ಲೇ?

ಅಲ್ಲ. ಅದು ಇಂಗ್ಲೆಂಡಿನಲ್ಲಿ ಅವನಿಗಿಂತ ಬಹಳ ಹಳೆಯ ರುಚಿ. 12ನೆಯ ಶತಮಾನದ ಕೊನೆಯಲ್ಲೇ ಜೆರಾಲ್ಡ್ ಆಫ್ ವೇಲ್ಸ್, ವೇಲ್ಸಿನವರೂ ಉತ್ತರ ಇಂಗ್ಲೆಂಡಿನವರೂ ಹಲವು ಧ್ವನಿಗಳಲ್ಲಿ ಹಾಡುತ್ತಾರೆಂದು ಬರೆದಿದ್ದ. 13ನೆಯ ಶತಮಾನದ, ಹೆಸರಿಲ್ಲದ ಲೇಖಕನೊಬ್ಬ ಇಂಗ್ಲೆಂಡಿನ ಪಶ್ಚಿಮ ಸೀಮೆಯವರಿಗೆ ಗಾಂಧಾರದ ಅಂತರವೇ ಅತ್ಯಂತ ಹಿತ ಎಂದು ದಾಖಲಿಸಿದ. 1300ರ ಸುಮಾರಿನ ವಾಲ್ಟರ್ ಓಡಿಂಗ್‌ಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪುಸ್ತಕದ ಲೆಕ್ಕದ ಗಾಂಧಾರ 81:64, ಅದು ಸ್ವಲ್ಪ ಚುಚ್ಚುವಂಥದು. ಗಾಯಕರ ಗಂಟಲು ತಾನಾಗಿ ಹತ್ತಿರ ಸರಿಯುವುದು 5:4ರ ಕಡೆಗೆ ಎಂದು ಅವನು ಗುರುತಿಸಿದ. ತಂಬೂರಿಯ ಮಂದ್ರ ತಂತಿ ಮೀಟಿದಾಗ ಯಾರೂ ನುಡಿಸದೆಯೇ ಕೇಳಿಬರುವ ಅಂತರ ಗಾಂಧಾರವೂ ಇದೇ 5:4. ಕರ್ನಾಟಕ ಸಂಗೀತದ ಕಿವಿಯಿರುವವರಿಗೆ ಡನ್‌ಸ್ಟಪಲ್ ಬೇಗ ಹಿಡಿಸುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

'ಬಹುಧ್ವನಿ ಸಂಗೀತದ ಪಿತಾಮಹ' ಎಂದು ಎಲ್ಲೋ ಓದಿದೆ. ಒಪ್ಪಬಹುದೇ?

ಖಂಡಿತ ಒಪ್ಪಬೇಡಿ. ಅವನು ಹುಟ್ಟುವ ಹೊತ್ತಿಗೆ ಬಹುಧ್ವನಿ ಸಂಗೀತಕ್ಕೆ ಹಲವು ಶತಮಾನಗಳ ವಯಸ್ಸಾಗಿತ್ತು. ಟಿಂಕ್ಟೋರಿಸ್ ಬರೆದದ್ದು, ಹೊಸ ಕಲೆಯ ಚಿಲುಮೆ ಇಂಗ್ಲಿಷರಲ್ಲಿದೆ, ಅವರಲ್ಲಿ ಡನ್‌ಸ್ಟಪಲ್ ಅಗ್ರಗಣ್ಯ ಎಂದಷ್ಟೇ. ನಂತರದವರು ಆ ಮಾತನ್ನು ಎಳೆದೂ ಎಳೆದೂ ಬಹುಧ್ವನಿಯನ್ನೇ ಅವನು ಸೃಷ್ಟಿಸಿದ ಎನ್ನುವವರೆಗೆ ತಂದರು. ಕೆಲವರಂತೂ 10ನೆಯ ಶತಮಾನದ ಕ್ಯಾಂಟರ್‌ಬರಿಯ ಸಂತ ಡನ್‌ಸ್ಟನ್ ಮತ್ತು ಇವನು ಒಬ್ಬನೇ ಎಂದುಕೊಂಡುಬಿಟ್ಟರು! ಐನೂರು ವರ್ಷಗಳ ಅಂತರ ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

ಒಂದು ದ್ವೀಪದ ಸಂಗೀತ ಯುರೋಪನ್ನು ತಲುಪಿದ್ದು ಹೇಗೆ?

ಯುದ್ಧದ ಬೆನ್ನೇರಿ. 1415ರ ಅಜಿನ್‌ಕೋರ್ಟ್ ಗೆಲುವು, 1420ರಲ್ಲಿ ಫ್ರಾನ್ಸಿನ ಟ್ರ್ವಾ ನಗರದಲ್ಲಾದ ಒಪ್ಪಂದ, ಆ ಬಳಿಕ ಪ್ಯಾರಿಸ್ ಮತ್ತು ರೂವಾನ್‌ಗಳಲ್ಲಿ ಇಂಗ್ಲಿಷ್ ಆಡಳಿತ. ಆಳುವವರು ತಮ್ಮ ಪ್ರಾರ್ಥನಾಲಯದ ಗಾಯಕರನ್ನೂ ಜೊತೆಗೆ ಒಯ್ದರು. ಬೆಡ್‌ಫರ್ಡ್ 1423ರಲ್ಲಿ ಮದುವೆಯಾದದ್ದು ಬರ್ಗಂಡಿಯ ಡ್ಯೂಕ್ ಫಿಲಿಪ್‌ನ ತಂಗಿ ಆನ್‌ಳನ್ನು. ಬೆನ್ಶ್ವಾ ಮುಂದೆ ಸೇವೆ ಸಲ್ಲಿಸಿದ್ದು ಇದೇ ಫಿಲಿಪ್‌ನ ಆಸ್ಥಾನದಲ್ಲಿ. ಯುದ್ಧಕ್ಕೆ ಹೊರಗಿನ ದಾರಿಯೂ ಒಂದಿತ್ತು. 1414ರಿಂದ 1418ರವರೆಗೆ ಕಾನ್ಸ್‌ಟನ್ಸ್‌ನಲ್ಲಿ ನಡೆದ ಚರ್ಚಿನ ಮಹಾಸಭೆಗೆ ಇಂಗ್ಲಿಷ್ ಬಿಷಪ್ಪರು ಗಾಯಕರೊಂದಿಗೆ ಹೋಗಿದ್ದರು, ದೇಶದೇಶದವರು ಅವರನ್ನು ಕೇಳಿದ್ದರು. ಕೊನೆಗೆ ಇಂಗ್ಲಿಷರು ಫ್ರಾನ್ಸನ್ನು ಕಳೆದುಕೊಂಡರು, ಧಾಟಿ ಮಾತ್ರ ಅಲ್ಲೇ ಉಳಿಯಿತು.

## ಇನ್ನಷ್ಟು ಒಳಗೆ

ಐಸೊರಿದಮ್ ಎಂದರೇನು? ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ.

'ವೇನಿ ಸಾಂಕ್ತೆ ಸ್ಪಿರಿತುಸ್' ಎಂಬ ನಾಲ್ಕು ಧ್ವನಿಗಳ ರಚನೆಯನ್ನೇ ಬಿಚ್ಚಿ ನೋಡೋಣ. ಪವಿತ್ರಾತ್ಮದ ಆವಾಹನೆಯ ಗೀತೆ ಇದು.

ತಳಪಾಯ ಟೆನರ್ ಧ್ವನಿ. ಅದಕ್ಕೆ 'ವೇನಿ ಕ್ರೆಯಾತೋರ್' ಎಂಬ ಹಳೆಯ ಸ್ತೋತ್ರದ ಧಾಟಿಯಿಂದ ಎರಡು ಸಾಲಿನಷ್ಟನ್ನು ಕತ್ತರಿಸಿ ತೆಗೆದಿದ್ದಾನೆ. ಈ ಸ್ವರಮಾಲೆಯ ಹೆಸರು 'ಕಲರ್'. ಇದಕ್ಕೆ ಒಂದು ಲಯದ ಅಚ್ಚನ್ನು ತೊಡಿಸುತ್ತಾನೆ, ಅದರ ಹೆಸರು 'ತಾಲೆಯ'. ಸ್ವರಮಾಲೆ ಒಮ್ಮೆ ಮುಗಿಯುವಷ್ಟರಲ್ಲಿ ಲಯದ ಅಚ್ಚು ಎರಡು ಸುತ್ತು ಬರುತ್ತದೆ. ಇಷ್ಟೂ ಮೂರು ಬಾರಿ ನಡೆಯುತ್ತದೆ, ಆದರೆ ಪ್ರತಿಸಲವೂ ಅವಧಿ ಕುಗ್ಗುತ್ತದೆ: 3:2:1. ಮೊದಲ ಸಲ ವಿಲಂಬ, ಕೊನೆಯ ಸಲ ಅದರ ಮೂರನೆಯ ಒಂದು ಭಾಗದಷ್ಟು ಕಾಲ. ಸ್ವರ ಬದಲಾಗಿಲ್ಲ, ಲಯದ ಆಕಾರ ಬದಲಾಗಿಲ್ಲ, ಕಾಲ ಮಾತ್ರ ಬಿಗಿಯಾಗಿದೆ. ತ್ರಿಕಾಲ ಅಭ್ಯಾಸ ಮಾಡಿದವರಿಗೆ ಇದರ ತರ್ಕ ಥಟ್ಟನೆ ಹೊಳೆಯುತ್ತದೆ.

ಈ ಬಿಗಿ ಚೌಕಟ್ಟಿನ ಮೇಲೆ ಇನ್ನೂ ಮೂರು ಧ್ವನಿಗಳು, ಮೂರಕ್ಕೂ ಬೇರೆ ಬೇರೆ ಪಠ್ಯ. ಮೇಲಿನದು ಪೆಂಟಕೋಸ್ಟ್ ಹಬ್ಬದ ಗೀತೆಯನ್ನು ಹಾಡಿದರೆ, ಎರಡನೆಯದು ಅದರ ವಿಸ್ತಾರವನ್ನೂ ಮೂರನೆಯದು 'ವೇನಿ ಕ್ರೆಯಾತೋರ್' ಸ್ತೋತ್ರವನ್ನೂ ಹಾಡುತ್ತದೆ. ಟೆನರ್ ಮೌನವಾಗುವ ಕಡೆ ಮೇಲಿನ ಧ್ವನಿಗಳು ಹಗುರಾಗಿ ತೇಲುತ್ತವೆ, ಅದು ಮರಳಿದೊಡನೆ ಕಟ್ಟಡಕ್ಕೆ ಭಾರ ಬರುತ್ತದೆ. ಕೇಳುಗನಿಗೆ 3:2:1 ಎಂದು ಎಣಿಸಲು ಬರಬೇಕಿಲ್ಲ, ಕೊನೆಗೊಂದು ಆವೇಗ ಬಂತು ಎನ್ನಿಸಿದರೆ ಲೆಕ್ಕ ತನ್ನ ಕೆಲಸ ಮಾಡಿದೆ ಎಂದರ್ಥ. ಇಷ್ಟು ಗಣಿತವಿಟ್ಟೂ ಎಲ್ಲಿಯೂ ಸ್ವರಗಳು ಒರಟಾಗಿ ಡಿಕ್ಕಿ ಹೊಡೆಯದಂತೆ ನೋಡಿಕೊಂಡಿದ್ದಾನಲ್ಲ, ಅದು ನನಗೆ ದೊಡ್ಡ ಸೋಜಿಗ.

ಇಡೀ ಪೂಜೆಯನ್ನು ಒಂದೇ ಧಾಟಿಯ ಮೇಲೆ ಕಟ್ಟುವ ಕ್ರಮ ಅವನದೇ?

ಅವನ ಮತ್ತು ಅವನ ಸಮಕಾಲೀನ ಲಿಯೊನೆಲ್ ಪವರ್‌ನ ತಲೆಮಾರಿನದು. ಮಾಸ್ ಎಂಬ ಚರ್ಚಿನ ಮುಖ್ಯ ಪೂಜೆಯಲ್ಲಿ ಗ್ಲೋರಿಯಾ, ಕ್ರೇದೊ, ಸಾಂಕ್ತುಸ್, ಆನ್ಯುಸ್ ದೆಯಿ ಭಾಗಗಳ ನಡುವೆ ಬೇರೆ ಪ್ರಾರ್ಥನೆಗಳು, ಓದುಗಳು ಬರುತ್ತವೆ; ಅವನ್ನು ಸಂಗೀತದಲ್ಲಿ ಒಂದಾಗಿಸಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಎಲ್ಲ ಭಾಗಗಳಿಗೂ ಒಂದೇ ಟೆನರನ್ನು ತಳದಲ್ಲಿಡುವ ಉಪಾಯ ಹೊಳೆದದ್ದು ಇಂಗ್ಲಿಷರಿಗೆ. ಪವರ್‌ನ 'ಆಲ್ಮಾ ರೆದೆಂಪ್ತೋರಿಸ್ ಮಾತೆರ್' ಮಾಸ್ ಇದರ ಆರಂಭದ ಮಾದರಿಗಳಲ್ಲೊಂದು. 'ರೆಕ್ಸ್ ಸೆಕುಲೋರುಮ್' ಮಾಸ್ ಒಂದು ಪ್ರತಿಯಲ್ಲಿ ಪವರ್ ಹೆಸರಿನಲ್ಲಿದೆ, ಇನ್ನೊಂದರಲ್ಲಿ ಡನ್‌ಸ್ಟಪಲ್ ಹೆಸರಿನಲ್ಲಿದೆ. ಮುಂದೆ ಡುಫಾಯ್, ಓಕೆಗೆಮ್, ಜೋಸ್ಕಾಂ ಎಲ್ಲರೂ ತಮ್ಮ ಹಿರಿಮೆ ತೋರಿಸಿದ್ದು ಈ ಪ್ರಕಾರದಲ್ಲೇ.

ಇಂಗ್ಲಿಷನ ರಚನೆಗಳ ಹಸ್ತಪ್ರತಿಗಳು ಇಟಲಿಯಲ್ಲಿ ಏಕಿವೆ?

ಇಂಗ್ಲೆಂಡಿನಲ್ಲಿದ್ದವು ಹೆಚ್ಚಾಗಿ ನಾಶವಾದವು, ಅದಕ್ಕೆ. 1536ರಿಂದ 1540ರ ನಡುವೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ, ಮುಂದಿನ ದಶಕಗಳಲ್ಲಿ ಲ್ಯಾಟಿನ್ ಪೂಜೆಯೇ ನಿಂತಿತು. ಬೇಡವಾದ ಗ್ರಂಥಗಳ ಚರ್ಮದ ಹಾಳೆಗಳು ಬೇರೆ ಪುಸ್ತಕಗಳ ರಟ್ಟಿಗೆ ಒಳಗಾದವು. ಉಳಿದ ದೊಡ್ಡ ಸಂಗ್ರಹ ಓಲ್ಡ್ ಹಾಲ್ ಹಸ್ತಪ್ರತಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಡನ್‌ಸ್ಟಪಲ್‌ನದು ಒಂದೇ ಒಂದು, ಮೇಲೆ ಹೇಳಿದ 'ವೇನಿ ಸಾಂಕ್ತೆ', ಅದೂ ಹೆಸರಿಲ್ಲದೆ. ಅವನನ್ನು ಉಳಿಸಿದ್ದು ಆಲ್ಪ್ಸ್ ಪರ್ವತದ ಆಚೀಚೆಯ ಲಿಪಿಕಾರರು: ಟ್ರೆಂಟೊ, ಆವೊಸ್ತಾ, ಮೋದೆನಾ ನಗರಗಳಲ್ಲಿ ಈಗಿರುವ ಹಸ್ತಪ್ರತಿಗಳು. ತನ್ನ ಊರಿನ ಮಹಾ ರಚನಕಾರನನ್ನು ಇಂಗ್ಲೆಂಡ್ ಪರದೇಶದವರ ಶಾಯಿಯಿಂದ ಮರಳಿ ಪಡೆಯಬೇಕಾಯಿತು.

ಇದರಿಂದ ಒಂದು ತೊಡಕೂ ಇದೆ. ಪರದೇಶದ ಲಿಪಿಕಾರನಿಗೆ ಇಂಗ್ಲಿಷ್ ಹೆಸರುಗಳೆಲ್ಲ ಒಂದೇ. ಡನ್‌ಸ್ಟಪಲ್, ಪವರ್, ಬೆನೆಟ್, ಬೆಡಿಂಗಮ್ ಹೆಸರುಗಳು ಅದಲುಬದಲಾಗುತ್ತವೆ. ಬಹುಕಾಲ ಡನ್‌ಸ್ಟಪಲ್‌ನ ಪ್ರಸಿದ್ಧ ಪ್ರೇಮಗೀತೆ ಎನ್ನಿಸಿಕೊಂಡಿದ್ದ 'ಓ ರೋಸಾ ಬೆಲ್ಲಾ'ವನ್ನು ಈಗ ಹೆಚ್ಚಿನ ವಿದ್ವಾಂಸರು ಬೆಡಿಂಗಮ್‌ನದೆಂದೇ ಎಣಿಸುತ್ತಾರೆ. ಹಳೆಯ ಪುಸ್ತಕ ಹಿಡಿದು ವಾದಕ್ಕಿಳಿಯುವ ಮುನ್ನ ಇದು ನೆನಪಿರಲಿ.

ಅವನನ್ನು ಬೈದವರೇ ಇಲ್ಲವೇ?

ಇದ್ದಾನೆ, ಅವನ ನಾಡಿನವನೇ. ಥಾಮಸ್ ಮಾರ್ಲಿ 1597ರ ತನ್ನ ಸಂಗೀತ ಪಾಠದ ಪುಸ್ತಕದಲ್ಲಿ ಡನ್‌ಸ್ಟಪಲ್‌ನ 'ನೆಸ್ಕಿಯೆನ್ಸ್ ವಿರ್ಗೊ ಮಾತೆರ್' ರಚನೆಯನ್ನು ಹಿಡಿದು ಝಾಡಿಸಿದ. ತಪ್ಪೇನೆಂದರೆ, 'ಆಂಜೆಲೋರುಮ್' ಎಂಬ ಒಂದೇ ಪದದ ನಡುವೆ ಎರಡು ದೀರ್ಘ ವಿರಾಮ ಕೊಟ್ಟು, ಬಳಿಕ ಅದನ್ನು ಮುಗಿಸಿದ್ದು. ಪದವನ್ನು ಹೀಗೆ ಸೀಳುವುದು ಶುದ್ಧ ಅಸಂಬದ್ಧ ಎಂದು ಮಾರ್ಲಿಯ ತೀರ್ಪು. ಅವನ ಕಾಲಕ್ಕೆ ಸಂಗೀತ ಮಾತಿನ ಬೆನ್ನುಹತ್ತಿ ನಡೆಯಬೇಕೆಂಬ ನಿಯಮ ಬೇರೂರಿತ್ತು. ಡನ್‌ಸ್ಟಪಲ್‌ನ ಕಾಲಕ್ಕೆ ದೊಡ್ಡ ರಚನೆಗಳಲ್ಲಿ ಕಟ್ಟಡ ಮೊದಲು, ಮಾತು ಆಮೇಲೆ. ಹಾಗಿದ್ದರೂ 'ವೇನಿ' ಪದಕ್ಕೆ ಎಲ್ಲವನ್ನೂ ನಿಲ್ಲಿಸಿದವನೂ ಇವನೇ ತಾನೆ? ಮಾರ್ಲಿಯ ಮಾತಿನಲ್ಲಿ ಅರ್ಧ ಮಾತ್ರ ನ್ಯಾಯವಿದೆ.

ನಾವು ಮೂವರು ಗೆಳೆಯರು ಹಾಡುತ್ತೇವೆ. ಪ್ರಯತ್ನಿಸಬಹುದೇ?

ಧಾರಾಳವಾಗಿ. ಅವನ ಸಮಗ್ರ ರಚನೆಗಳನ್ನು ಮಾನ್‌ಫ್ರೆಡ್ ಬುಕಾಫ್‌ಜರ್ ಸಂಪಾದಿಸಿ, ಸಾವಿನ ಐನೂರನೆಯ ವರ್ಷವಾದ 1953ರಲ್ಲಿ ಆಧುನಿಕ ಸ್ವರಲಿಪಿಯಲ್ಲಿ ಹೊರತಂದರು. ಅದರ ಪರಿಷ್ಕೃತ ಆವೃತ್ತಿಯೂ ಇದೆ. ಶ್ರುತಿ ನಿಮ್ಮ ಗಂಟಲಿಗೆ ಒಗ್ಗುವಷ್ಟು ಏರಿಸಿಕೊಳ್ಳಿ, ಇಳಿಸಿಕೊಳ್ಳಿ. ಹಸ್ತಪ್ರತಿಯ ಸ್ವರಸ್ಥಾನಕ್ಕೆ ಇಂದಿನ ಪಿಯಾನೊದ ಸ್ಥಾಯಿಯ ನಂಟಿಲ್ಲ. 'ಕ್ವಾಮ್ ಪುಲ್ಕ್ರಾ ಎಸ್' ಮೊದಲ ಆಯ್ಕೆಯಾಗಲಿ. ಕಂಪನ, ಗಮಕ ಬಿಟ್ಟು ಸ್ವರವನ್ನು ನೇರವಾಗಿ ಹಿಡಿಯಿರಿ. ಮೊದಲು ಕೆಳಗಿನ ಎರಡು ಧ್ವನಿಗಳನ್ನು ಕೂಡಿಸಿ ಶುದ್ಧ ಮಾಡಿಕೊಂಡು, ಮೇಲಿನದನ್ನು ಆಮೇಲೆ ಸೇರಿಸಿ. ಗಾಂಧಾರ ಹಾಡುವವರು ಅದನ್ನು ಹಾರ್ಮೋನಿಯಂಗೆ ಹೊಂದಿಸಿಕೊಳ್ಳಬಾರದು, ಗಾಂಧಾರದ ಮನೆ ಅದಕ್ಕಿಂತ ತುಸು ಕೆಳಗೆ. ತಂಬೂರಿಗೆ ಹೊಂದಿಸಿಕೊಳ್ಳಲಿ.